ಭಯದ ಲೆಕ್ಕ ಯಾವ ಪುಸ್ತಕದಲ್ಲಿದೆ?

ಪ್ರತಿ ವರ್ಷ ಡಿಸೆಂಬರ್ ತಿಂಗಳನ್ನು ಕರ್ನಾಟಕ ಪೊಲೀಸ್ ಇಲಾಖೆ ಅಪರಾಧ ತಡೆ ಮಾಸಾಚರಣೆ ಎಂದು ಆಚರಿಸುತ್ತದೆ. ಶಾಲಾ ಕಾಲೇಜುಗಳಲ್ಲಿ ಕಾರ್ಯಕ್ರಮ ನಡೆಯುತ್ತವೆ, ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚುತ್ತಾರೆ, ಆಟೊಕ್ಕೆ ಮೈಕ್ ಕಟ್ಟಿ ಊರೊಳಗೆ ಸುತ್ತಿಸುತ್ತಾರೆ. ಮನೆಗೆ ಬೀಗ ಹಾಕಿ ಪರಊರಿಗೆ ಹೋಗುವಾಗ ಪಕ್ಕದವರಿಗೆ ಹೇಳಿ ಹೋಗಿ, ಜಾತ್ರೆಗೆ ಬಂಗಾರ ಹಾಕಿಕೊಂಡು ಹೋಗಬೇಡಿ, ಓಟಿಪಿ ಯಾರಿಗೂ ಹೇಳಬೇಡಿ, ತೊಂದರೆಯಾದರೆ 112ಕ್ಕೆ ಕರೆ ಮಾಡಿ, ಆನ್‌ಲೈನ್‌ನಲ್ಲಿ ಹಣ ಹೋದರೆ 1930ಕ್ಕೆ ಕರೆ ಮಾಡಿ. ಎಲ್ಲವೂ ಒಳ್ಳೆಯ ಮಾತುಗಳೇ. ಕೊನೆಯ ಎರಡು ನಂಬರ್‌ಗಳನ್ನಂತೂ ಪ್ರತಿಯೊಬ್ಬರೂ ಫೋನಿನಲ್ಲಿ ಇಟ್ಟುಕೊಳ್ಳಬೇಕು. ಈ ಲೇಖನವನ್ನು ಅರ್ಧಕ್ಕೆ ಬಿಟ್ಟು ಮೊದಲು ಅದನ್ನೇ ಮಾಡಿದರೂ ನನ್ನ ತಕರಾರಿಲ್ಲ.

ಆದರೆ ನಾನು ಕಾಮರ್ಸ್ ವಿದ್ಯಾರ್ಥಿನಿ. ಖರ್ಚು ಎಂದರೆ ಅದರ ಎದುರಿಗೆ ಏನು ಬಂತು ಎಂದು ಕೇಳುವುದನ್ನು ನಮಗೆ ಮೊದಲ ವರ್ಷದಲ್ಲೇ ಕಲಿಸಿದ್ದಾರೆ. ಮಾಸಾಚರಣೆ ಮುಗಿದ ಮೇಲೆ ಪತ್ರಿಕೆಯಲ್ಲಿ ಬರುವುದು ಇಷ್ಟೇ: ಇಂಥ ಕಾಲೇಜಿನಲ್ಲಿ ಜಾಗೃತಿ ಕಾರ್ಯಕ್ರಮ ನಡೆಯಿತು, ಇಂಥವರು ಉದ್ಘಾಟಿಸಿದರು, ಇಷ್ಟು ವಿದ್ಯಾರ್ಥಿಗಳು ಪಾಲ್ಗೊಂಡರು. ಇದು ಖರ್ಚಿನ ಕಡೆಯ ಲೆಕ್ಕ. ಜನವರಿಯಲ್ಲಿ ಯಾರಾದರೂ ಬಂದು, ಕಳ್ಳತನ ಕಡಿಮೆಯಾಯಿತೇ, ನಿಮ್ಮ ಹೆದರಿಕೆ ಕಡಿಮೆಯಾಯಿತೇ ಎಂದು ಕೇಳಿದ್ದನ್ನು ನಾನು ನೋಡಿಲ್ಲ. ಈ ಎರಡು ಪ್ರಶ್ನೆಗಳು ಬೇರೆ ಬೇರೆ ಎಂಬುದೇ ನಾನು ಇಲ್ಲಿ ಹೇಳಬೇಕೆಂದಿರುವ ವಿಷಯ. ಅಪರಾಧ ಒಂದು, ಅಪರಾಧದ ಭಯ ಇನ್ನೊಂದು. ಮೊದಲನೆಯದಕ್ಕೆ ಠಾಣೆಯಲ್ಲಿ ಪುಸ್ತಕ ಇದೆ. ಎರಡನೆಯದನ್ನು ಯಾರೂ ಬರೆದಿಡುವುದಿಲ್ಲ, ಆದರೆ ಅದರ ಬೆಲೆಯನ್ನು ಕೊಡುತ್ತಿರುವವರು ನಾವು, ಅದರಲ್ಲೂ ಹುಡುಗಿಯರು.

ಇವೆರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಕಳ್ಳತನ ಕಡಿಮೆಯಾದರೆ ಭಯ ತಾನಾಗಿ ಕಡಿಮೆಯಾಗುತ್ತದೆ, ಗಸ್ತು ಹೆಚ್ಚಿದರೆ ಕಳ್ಳತನ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದ ಕಾನ್ಸಾಸ್ ಸಿಟಿ ಎಂಬ ಊರಿನ ಪೊಲೀಸರು 1972–73ರಲ್ಲಿ ಇದನ್ನು ನಿಜವಾಗಿಯೇ ಪರೀಕ್ಷಿಸಿ ನೋಡಿದರು. ಊರಿನ 15 ಬೀಟ್‌ಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಗಸ್ತು ವಾಹನ ಎಂದಿನಂತೆ, ಇನ್ನೊಂದರಲ್ಲಿ ಎರಡು ಮೂರು ಪಟ್ಟು, ಮೂರನೆಯದರಲ್ಲಿ ಗಸ್ತೇ ಇಲ್ಲ, ಕರೆ ಬಂದರೆ ಮಾತ್ರ ಹೋಗುವುದು. ವರ್ಷದ ಕೊನೆಗೆ ನೋಡಿದರೆ ಅಪರಾಧದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಜನರ ಭಯದಲ್ಲಿಯೂ ಇಲ್ಲ. ಗಸ್ತು ಹೆಚ್ಚಾದದ್ದು ಕಡಿಮೆಯಾದದ್ದು ಬಹುತೇಕ ಜನರ ಗಮನಕ್ಕೇ ಬಂದಿರಲಿಲ್ಲ. ಕೆಲವು ವರ್ಷಗಳ ನಂತರ ಅದೇ ದೇಶದ ನೆವಾರ್ಕ್‌ನಲ್ಲಿ ಪೊಲೀಸರನ್ನು ವಾಹನದಿಂದ ಇಳಿಸಿ ಕಾಲ್ನಡಿಗೆಯಲ್ಲಿ ಓಣಿ ಓಣಿ ಸುತ್ತಿಸಿದರು. 1981ರಲ್ಲಿ ಬಂದ ಅದರ ವರದಿ ವಿಚಿತ್ರವಾಗಿತ್ತು: ಅಪರಾಧ ಇಳಿಯಲಿಲ್ಲ, ಆದರೆ ಭಯ ಇಳಿಯಿತು. ಅಂಗಡಿಯವರ ಹೆಸರು ಹಿಡಿದು ಮಾತಾಡಿಸುವ ಒಬ್ಬ ಪೇದೆ ದಿನವೂ ಕಣ್ಣಿಗೆ ಬಿದ್ದರೆ ಜನ ಧೈರ್ಯವಾಗಿ ಹೊರಗೆ ಬರುತ್ತಾರೆ.

ಹಾಗಾದರೆ ನೆವಾರ್ಕ್‌ನ ಯೋಜನೆ ಗೆದ್ದಿತೋ ಸೋತಿತೋ? ನಮ್ಮ ಮನೆಯಲ್ಲಿ ಈ ಪ್ರಶ್ನೆ ಹಾಕಿದಾಗ ಅಬ್ಬು ಸೋತಿತು ಎಂದರು, ಅಮ್ಮಿ ಗೆದ್ದಿತು ಎಂದರು. ಅಬ್ಬು ಅಂಗಡಿಯ ಗಲ್ಲಾ ಲೆಕ್ಕ ಹಿಡಿದು ಮಾತಾಡಿದರು. ಅಮ್ಮಿ ಸಂಜೆ ಏಳರ ನಂತರ ಮನೆಯಿಂದ ಹೊರಗೆ ಕಾಲಿಡದವರು. ನನ್ನ ಮತ ಅಮ್ಮಿಗೆ. ಆದರೆ ಭಯ ಕಡಿಮೆ ಮಾಡಿದ್ದೆಲ್ಲ ಒಳ್ಳೆಯದು ಎನ್ನುವಂತೆಯೂ ಇಲ್ಲ, ಭಯ ಹುಟ್ಟಿಸಿದ್ದೆಲ್ಲ ಜಾಗೃತಿ ಎನ್ನುವಂತೆಯಂತೂ ಇಲ್ಲವೇ ಇಲ್ಲ. ಇದಕ್ಕೆ ದೂರದ ಊರು ಬೇಡ, ನಮ್ಮದೇ ಕಲ್ಯಾಣ ಕರ್ನಾಟಕದ ಒಂದು ಘಟನೆ ಸಾಕು.

2018ರ ಜುಲೈ 13, ಶುಕ್ರವಾರ. ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿಗೆ ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬಂದಿದ್ದರು. ಅವರಲ್ಲಿ ಒಬ್ಬ ಕತಾರ್ ದೇಶದವ. ದಾರಿಯಲ್ಲಿ ಶಾಲೆ ಮಕ್ಕಳನ್ನು ಕಂಡು, ಕತಾರಿನಿಂದ ತಂದಿದ್ದ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಿತು, ಕಾರಿಗಿಂತ ವೇಗವಾಗಿ. ಅವರು ಹೆದರಿ ಕಾರು ಓಡಿಸಿದರು. ಮುಂದೆ ಮುರ್ಕಿ ಎಂಬ ಊರಿನಲ್ಲಿ ಜನ ದಾರಿ ಕಟ್ಟಿ ಕಾಯುತ್ತಿದ್ದರು. ಕಾರು ಹಳ್ಳಕ್ಕೆ ಇಳಿಯಿತು. ಗುಂಪು ಹೊಡೆದ ಹೊಡೆತಕ್ಕೆ ಒಬ್ಬ ಯುವ ಸಾಫ್ಟ್‌ವೇರ್ ಇಂಜಿನಿಯರ್ ಸತ್ತರು, ಉಳಿದವರು ಗಾಯಗೊಂಡರು, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆ ದಿನ ಆ ಊರುಗಳಲ್ಲಿ ಯಾವ ಮಗುವೂ ಕಳೆದಿರಲಿಲ್ಲ. ಅಂದರೆ ಅಪರಾಧದ ಕಾಲಂನಲ್ಲಿ ಸೊನ್ನೆ ಇದ್ದಾಗ ಭಯದ ಕಾಲಂ ತುಂಬಿ ತುಳುಕಿ ಒಂದು ಕೊಲೆ ಮಾಡಿಸಿತು.

ಅದಕ್ಕೂ ಎರಡು ವಾರದ ಮೊದಲು, ಜುಲೈ 1ರಂದು, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಇದೇ ಗುಮಾನಿಯಿಂದ ಐದು ಜನರನ್ನು ಹೊಡೆದು ಕೊಂದಿದ್ದರು. ಅವರು ನಾಥಪಂಥಿ ಗೋಸಾವಿ ಎಂಬ ಅಲೆಮಾರಿ ಸಮುದಾಯದವರು, ಭಿಕ್ಷೆ ಬೇಡಲು ಹೋದವರು. ಅವರ ಕಡೆಯ ಊರುಗಳು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನಲ್ಲಿವೆ. ನಮ್ಮೂರಿನವರಿಗೆ ಸೊಲ್ಲಾಪುರ ಎಷ್ಟು ದೂರ ಎಂದು ನಾನು ಹೇಳಬೇಕಿಲ್ಲ. ಬಟ್ಟೆಗೆ, ದವಾಖಾನೆಗೆ, ಬೀಗತನಕ್ಕೆ ನಾವು ಹೋಗುವ ಜಿಲ್ಲೆ ಅದು.

ಆ ವರ್ಷ ಓಡಾಡಿದ ಒಂದು ವಿಡಿಯೊದ ಕಥೆ ಕೇಳಿ. ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದವರ ಎದೆ ಒಡೆಯಬೇಕು, ಹಾಗಿದೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಬಗ್ಗೆ ಎಚ್ಚರದಿಂದಿರಿ ಎಂದು ಹೇಳಲು ಒಂದು ಸಂಸ್ಥೆ ನಟರಿಂದ ಮಾಡಿಸಿದ ಜಾಗೃತಿ ಚಿತ್ರ. ಮೂಲದಲ್ಲಿ ಆ ಇಬ್ಬರೇ ಮಗುವನ್ನು ತಿರುಗಿ ತಂದು ಬಿಟ್ಟು, ಸಂದೇಶದ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗ ಕತ್ತರಿಸಿ ಬಿಟ್ಟರು, ಉಳಿದದ್ದು ನಮ್ಮ ದೇಶದ ಫೋನುಗಳಲ್ಲಿ ನಿಜವಾದ ಅಪಹರಣವಾಗಿ ಓಡಾಡಿತು. ಅಪರಾಧ ತಡೆಯಲು ಮಾಡಿದ ಚಿತ್ರ ಗಡಿ ದಾಟಿ ಬಂದು ಅಪರಾಧಕ್ಕೆ ಕಾರಣವಾಯಿತು. ಜಾಗೃತಿ ಕಾರ್ಯಕ್ರಮ ಮಾಡಿದರೆ ಲಾಭ ಆಗದಿದ್ದರೂ ನಷ್ಟವಂತೂ ಇಲ್ಲ ಎನ್ನುವವರಿಗೆ ನಾನು ಕೊಡುವ ಉತ್ತರ ಇದು. ಮುರ್ಕಿ ಘಟನೆಯಾದ ನಾಲ್ಕೇ ದಿನಕ್ಕೆ, ಜುಲೈ 17ರಂದು, ಸುಪ್ರೀಂ ಕೋರ್ಟ್ ಗುಂಪು ಹತ್ಯೆ ತಡೆಯಲು ಪ್ರತಿ ಜಿಲ್ಲೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿಯನ್ನು ಗೊತ್ತುಮಾಡಬೇಕು ಎಂದು ಆದೇಶಿಸಿತು. ಅದೇ ವಾರ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕಲು ಹೊರಟಿತು. ನನಗೆ ಅನಿಸುವ ಮಟ್ಟಿಗೆ ಆ ಐದರ ಮಿತಿಯೂ ಒಂದು ಅಪರಾಧ ತಡೆ ಯೋಜನೆಯೇ. ಅದಕ್ಕೆ ಉದ್ಘಾಟನೆ ಇರಲಿಲ್ಲ, ಅಷ್ಟೇ.

ಭಯಕ್ಕೆ ಯಾವಾಗಲೂ ಒಂದು ಮುಖ ಬೇಕು. ಕೆಲವು ಸಲ ಆ ಮುಖ ಅಲೆಮಾರಿಯದು, ಕೆಲವು ಸಲ ಹಿಂದಿ ಮಾತಾಡುವ ಕೂಲಿಯವನದು, ಕೆಲವು ಸಲ ಬುರ್ಖಾ ಹಾಕಿದವಳದು. ಕೊನೆಯದು ಬಂದಾಗ ನಮ್ಮ ಮೊಹಲ್ಲಾದವರಿಗೆ ನೋವಾಗುತ್ತದೆ, ಆಗಲೇಬೇಕು. ಆದರೆ ಬೊಂಬೆ ಹೊತ್ತುಕೊಂಡು, ಎತ್ತಿನ ಜೊತೆ, ಹಾಸಿಗೆ ಮಾರಲು ಬಂದವರನ್ನು "ಮಕ್ಕಳನ್ನು ಒಳಗ ಕರ್ಕೊಳ್ರೀ" ಎಂದು ಕೂಗಿ ಓಣಿಯಿಂದ ಸಾಗಹಾಕುವುದರಲ್ಲಿ ನಮ್ಮ ಮೊಹಲ್ಲಾ ಬೇರೆ ಓಣಿಗಳಿಗಿಂತ ಹಿಂದೆ ಬಿದ್ದಿಲ್ಲ.

ಇದಕ್ಕೆ ಹಳೆಯ ಬೇರು ಇದೆ. ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯೂ ಅಪರಾಧ ತಡೆಯುವ ಯೋಜನೆಯೇ ಆಗಿತ್ತು. ಇಂಥ ಜಾತಿಯಲ್ಲಿ ಹುಟ್ಟಿದವರೆಲ್ಲ ಅಪರಾಧಿಗಳು ಎಂದು ಪಟ್ಟಿ ಮಾಡಿ, ಠಾಣೆಯಲ್ಲಿ ಹಾಜರಿ ಹಾಕಿಸಿ, ಬೇಲಿ ಹಾಕಿದ ಜಾಗದಲ್ಲಿ ಇಟ್ಟರು. ಸೊಲ್ಲಾಪುರ ಮತ್ತು ಹುಬ್ಬಳ್ಳಿಯಲ್ಲಿ ಇಂದಿಗೂ ಸೆಟ್ಲ್‌ಮೆಂಟ್ ಎಂದು ಕರೆಯುವ ಬಡಾವಣೆಗಳಿವೆ, ಆ ಹೆಸರು ಅಲ್ಲಿಂದ ಬಂದದ್ದು. 1952ರಲ್ಲಿ ಕಾಯ್ದೆ ಹೋಯಿತು. ಎಂಬತ್ತು ವರ್ಷ ನಡೆದ ಆ ಯೋಜನೆಯಿಂದ ಎಷ್ಟು ಕಳ್ಳತನ ತಪ್ಪಿತು ಎಂದು ಯಾರಿಗೂ ತೋರಿಸಲು ಆಗಲಿಲ್ಲ. ಆದರೆ ಅದು ಹುಟ್ಟಿಸಿದ ಭಯ 2018ರಲ್ಲಿಯೂ ಜೀವಂತ ಇತ್ತು.

ಮುಖದ ಹಾಗೆ ಊರಿಗೂ ಹೆಸರು ಬೀಳುತ್ತದೆ. ನಮ್ಮ ನದಿಗೆ ಬಿದ್ದಿದೆ. ಭೀಮಾ ತೀರ ಎಂದರೆ ಸಾಕು, ಬೆಂಗಳೂರಿನವರ ಕಣ್ಣಿಗೆ ಪಿಸ್ತೂಲು ಕಾಣುತ್ತದೆ. ಪುಸ್ತಕಗಳು ಬಂದವು, 2012ರಲ್ಲಿ 'ಭೀಮಾ ತೀರದಲ್ಲಿ' ಎಂಬ ಸಿನಿಮಾ ಬಂತು. ಇಂಡಿ, ಅಫಜಲಪುರ ಭಾಗದಲ್ಲಿ ಎಲ್ಲಿ ಜಗಳವಾದರೂ ಟಿವಿಯವರಿಗೆ ಆ ಎರಡು ಪದ ಬೇಕೇ ಬೇಕು. ಹಗೆತನದ ಕೊಲೆಗಳು ಈ ಕಡೆ ಆಗಿಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಇದೇ ನದಿಯ ಕಬ್ಬು, ಸೊನ್ನದ ಬ್ಯಾರೇಜು, ಗಾಣಗಾಪುರಕ್ಕೆ ಬರುವ ಸಾವಿರಾರು ಭಕ್ತರು, ಇವು ಯಾವುವೂ ತಲೆಬರಹಕ್ಕೆ ಹತ್ತುವುದಿಲ್ಲ. ಟಿವಿ ಹೆಚ್ಚು ನೋಡುವವರಿಗೆ ಜಗತ್ತು ಇರುವುದಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ ಎಂದು ಜಾರ್ಜ್ ಗರ್ಬ್ನರ್ ಎಂಬ ವಿದ್ವಾಂಸರು 1970ರ ದಶಕದಲ್ಲಿಯೇ ಹೇಳಿದ್ದರು. ನಮ್ಮ ದಾದಿ ಟಿವಿ ಮುಂದೆ ಕೂತು ಹೇಳುವ "ಜಮಾನಾ ಖರಾಬ್ ಹೈ" ಕೇಳಿದ್ದರೆ ಅವರಿಗೆ ಅಷ್ಟು ವರ್ಷದ ಸಂಶೋಧನೆ ಬೇಕಾಗುತ್ತಿರಲಿಲ್ಲ.

ನಾವು ಹೆದರುವ ವಸ್ತು ಮತ್ತು ನಮ್ಮನ್ನು ಕೊಲ್ಲುವ ವಸ್ತು ಬೇರೆ ಬೇರೆ ಎಂಬುದಕ್ಕೆ ಒಂದೇ ಜೋಡಿ ಅಂಕಿ ಕೊಡುತ್ತೇನೆ. 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಅದೇ ವರ್ಷ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಕೊಲೆಗಾರನಿಗೆ ಹೆದರಿ ಸಂಜೆ ಬಾಗಿಲು ಹಾಕುವ ನಾವು, ಮೂರು ಜನ ಒಂದೇ ಬೈಕಿನಲ್ಲಿ ಹೆಲ್ಮೆಟ್ ಇಲ್ಲದೆ ಅಫಜಲಪುರಕ್ಕೆ ಹೋಗಿ ಬರುತ್ತೇವೆ. ಮರಳಿನ ಟ್ರ್ಯಾಕ್ಟರ್ ರಾತ್ರಿ ಲೈಟಿಲ್ಲದೆ ಬಂದರೂ ಬದಿಗೆ ಸರಿದು ದಾರಿ ಬಿಡುತ್ತೇವೆ. ಜೇವರ್ಗಿ ತಾಲ್ಲೂಕಿನ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು 2023ರ ಜೂನ್‌ನಲ್ಲಿ ಅಂಥ ಟ್ರ್ಯಾಕ್ಟರ್ ತಡೆಯಲು ಹೋಗಿ ಅದರ ಗಾಲಿಗೇ ಸಿಕ್ಕು ಸತ್ತರು. ಮರಳು ಸಾಗಣೆ ನಮ್ಮ ನದಿಯ ಅತಿ ದೊಡ್ಡ ಅಪರಾಧ ಇರಬಹುದು. ಅದಕ್ಕೆ ಹೆದರಿ ಯಾರೂ ಮಗಳ ಕಾಲೇಜು ಬಿಡಿಸಿಲ್ಲ.

ಕಾಲೇಜು ಬಿಡಿಸುವುದು ಬೇರೆ ಭಯಕ್ಕೆ. ನನ್ನ ಖಾಲಾನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವಳು. ಆಕೆಯ ಊರಿಂದ ಕಾಲೇಜಿಗೆ ಎರಡು ಬಸ್ ಬದಲಾಯಿಸಬೇಕು. ಮನೆಯವರು ಅಡ್ಮಿಷನ್‌ಗೆ ಒಪ್ಪಿದ್ದರು. ಆ ವಾರ ಬೇರೆ ಯಾವುದೋ ರಾಜ್ಯದ ಒಂದು ವಿಡಿಯೊ ಫ್ಯಾಮಿಲಿ ಗ್ರೂಪಿಗೆ ಬಂತು. ಅರ್ಜಿ ಹಾಗೇ ಉಳಿಯಿತು. ಆಕೆಗೆ ಯಾರೂ ಏನೂ ಮಾಡಿಲ್ಲ, ಯಾವ ಠಾಣೆಯಲ್ಲೂ ಆಕೆಯ ಹೆಸರಿಲ್ಲ, ಯಾವ ವರದಿಯಲ್ಲೂ ಆಕೆ ಸಂತ್ರಸ್ತೆ ಅಲ್ಲ. ಎರಡು ವರ್ಷದ ಪಿಯುಸಿ ಮಾತ್ರ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ಸು ಉಚಿತ. ಟಿಕೆಟಿನ ಹಣ ಉಳಿಯಿತು, ಆದರೆ ಎರಡನೇ ಬಸ್ಸಿಗೆ ಕಾಯುವ ಆ ಕತ್ತಲೆಯ ಇಪ್ಪತ್ತು ನಿಮಿಷ ಹಾಗೆಯೇ ಇದೆ. ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರ ಬಗ್ಗೆ ಗಿರಿಜಾ ಬೋರ್ಕರ್ ಎಂಬ ಅರ್ಥಶಾಸ್ತ್ರಜ್ಞೆ ಮಾಡಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ದಾರಿ ಸುರಕ್ಷಿತ ಅನ್ನಿಸಲಿ ಎಂಬ ಒಂದೇ ಕಾರಣಕ್ಕೆ ಹುಡುಗಿಯರು ತಮಗೆ ಸಿಗಬಹುದಾಗಿದ್ದ ಒಳ್ಳೆಯ ಕಾಲೇಜು ಬಿಟ್ಟು ಕಡಿಮೆ ಗುಣಮಟ್ಟದ್ದನ್ನು ಆರಿಸುತ್ತಾರೆ, ಪ್ರಯಾಣಕ್ಕೆ ಹುಡುಗರಿಗಿಂತ ಹೆಚ್ಚು ಖರ್ಚು ಮಾಡುತ್ತಾರೆ. ಅಷ್ಟು ದೊಡ್ಡ ಊರಿನಲ್ಲಿ ಆರಿಸಲು ಇನ್ನೊಂದು ಕಾಲೇಜಾದರೂ ಇದೆ.

ಹಾಗಾದರೆ ಹುಡುಗಿಯರ ಭಯವೂ ಮುರ್ಕಿಯ ಭಯದ ಹಾಗೆ ಸುಳ್ಳೇ? ಇಲ್ಲಿ ನಿಧಾನಿಸಬೇಕು. ಬಯಲಿನಲ್ಲಿ ನಡೆಯುವ ಹೊಡೆದಾಟಗಳಲ್ಲಿ ಪೆಟ್ಟು ತಿನ್ನುವವರು ಹೆಚ್ಚಾಗಿ ಹುಡುಗರು, ಆದರೂ ಹೆಚ್ಚು ಹೆದರುವವರು ಹೆಂಗಸರು ಮತ್ತು ವಯಸ್ಸಾದವರು ಎಂದು ಬೇರೆ ಬೇರೆ ದೇಶಗಳ ಸಮೀಕ್ಷೆಗಳು ಹೇಳುತ್ತವೆ. ಇದನ್ನು ಕೇಳಿ ಕೆಲವರು ನಗುತ್ತಾರೆ, ಹೆಣ್ಣುಮಕ್ಕಳು ಸುಮ್ಮನೆ ಹೆದರುತ್ತಾರೆ ಅನ್ನುತ್ತಾರೆ. ಅವರು ಬಸ್ ನಿಲ್ದಾಣದಲ್ಲಿ ನಮ್ಮ ಜಾಗದಲ್ಲಿ ಒಂದು ವಾರ ನಿಂತು ನೋಡಲಿ. ಸಿಳ್ಳೆ, ಹಿಂದೆ ಬರುವ ಬೈಕು, ಬಸ್ಸಿನ ನೂಕುನುಗ್ಗಲಿನಲ್ಲಿ ಬೇಕೆಂದೇ ತಾಗುವ ಮೊಣಕೈ. ಹಿಂಬಾಲಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ. ಆದರೆ ಅದಕ್ಕಾಗಿ ಠಾಣೆಗೆ ಹೋದ ಹುಡುಗಿಯನ್ನು ನಾನು ಕಂಡಿಲ್ಲ, ಯಾಕೆಂದರೆ ಹೋದರೆ ಮೊದಲು ನಿಲ್ಲುವುದು ಅವನ ಬೈಕ್ ಅಲ್ಲ, ಇವಳ ಕಾಲೇಜು. ಇಂಥ ಕಡೆ ಭಯ ಎಂದರೆ ದಾಖಲಾಗದೆ ಉಳಿದ ಅಪರಾಧಗಳ ಲೆಕ್ಕ.

ಅದಕ್ಕೆ ನಾನು ಭಯವನ್ನು ಎರಡು ಬಗೆ ಮಾಡುತ್ತೇನೆ, ವಿಳಾಸ ಇರುವ ಭಯ ಮತ್ತು ವಿಳಾಸ ಇಲ್ಲದ ಭಯ. ಸಂಜೆ ಆರೂವರೆ, ಇಂಥ ನಿಲ್ದಾಣ, ದೀಪ ಕೆಟ್ಟು ಎರಡು ತಿಂಗಳು, ಪಾನ್ ಅಂಗಡಿಯ ಮುಂದೆ ನಿಲ್ಲುವ ಗುಂಪು: ಇದಕ್ಕೆ ವಿಳಾಸ ಇದೆ, ರಿಪೇರಿ ಮಾಡಬಹುದು. ಎಲ್ಲೋ, ಯಾರೋ, ಯಾವಾಗಲೋ ಮಕ್ಕಳನ್ನು ಹಿಡಿದರಂತೆ ಎಂಬುದಕ್ಕೆ ವಿಳಾಸ ಇಲ್ಲ. ಅದನ್ನು ಐವತ್ತು ಜನಕ್ಕೆ ಕಳಿಸುವ ಮೊದಲು 112ಕ್ಕೆ ಒಂದು ಕರೆ ಮಾಡಿ ಕೇಳಬಹುದು. ನಮ್ಮ ಜಾಗೃತಿ ಕಾರ್ಯಕ್ರಮಗಳು ಹೆಚ್ಚಾಗಿ ಎರಡನೆಯ ಬಗೆಯ ಭಯವನ್ನು ಹಂಚುತ್ತವೆ, ಮೊದಲನೆಯದನ್ನು ಕೇಳಿಸಿಕೊಳ್ಳುವುದಿಲ್ಲ. ಅಪರಿಚಿತರ ಬಗ್ಗೆ ಎಚ್ಚರ ಎಂದು ಹೇಳುತ್ತಾರೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿ ತೆಗೆದರೆ ಮಹಿಳೆಯರ ಮೇಲಿನ ಅಪರಾಧಗಳಲ್ಲಿ ಅತಿ ದೊಡ್ಡ ಪಾಲು ಗಂಡ ಮತ್ತು ಅವನ ಮನೆಯವರ ಕ್ರೌರ್ಯದ್ದು. ಅಪರಿಚಿತನ ಚಿತ್ರ ಬರೆದು ಗೋಡೆಗೆ ಅಂಟಿಸುವುದು ಸುಲಭ. ಗಂಡನ ಚಿತ್ರ ಅಂಟಿಸುವ ಧೈರ್ಯ ಯಾವ ಕಾಲೇಜಿಗಿದೆ?

ಪೊಲೀಸರು ಶಾಲೆಗೆ ಬಂದು ಭಾಷಣ ಮಾಡಿದರೆ ಏನಾಗುತ್ತದೆ ಎಂಬುದನ್ನೂ ಅಳೆದಿದ್ದಾರೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡೇರ್ ಎಂಬ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರು ತರಗತಿಗೆ ಬಂದು ಮಾದಕ ವಸ್ತು ಬೇಡ ಎಂದು ಪಾಠ ಮಾಡುತ್ತಿದ್ದರು. ಬಹಳ ಜನಪ್ರಿಯವಾಯಿತು, ತಂದೆ ತಾಯಿ ಮೆಚ್ಚಿದರು. ವರ್ಷಗಟ್ಟಲೆ ಅಧ್ಯಯನ ಮಾಡಿದವರಿಗೆ ಮಾತ್ರ ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ವ್ಯತ್ಯಾಸ ಕಾಣಲಿಲ್ಲ. ಚಪ್ಪಾಳೆ ಬಿದ್ದ ಕಾರ್ಯಕ್ರಮವೆಲ್ಲ ಕೆಲಸ ಮಾಡುತ್ತದೆ ಎಂದಿಲ್ಲ.

ನಮ್ಮ ರಾಜ್ಯದಲ್ಲಿ 2025ರ ಜುಲೈನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಅವರು ಮನೆ ಮನೆಗೆ ಪೊಲೀಸ್ ಎಂಬ ಯೋಜನೆಗೆ ಚಾಲನೆ ಕೊಟ್ಟರು. ಬೀಟ್ ಪೊಲೀಸರೇ ಮನೆಬಾಗಿಲಿಗೆ ಬಂದು ಕಷ್ಟ ಕೇಳುವ ಯೋಜನೆ. ನೆವಾರ್ಕ್ ನೆನಪಾಗಿ ನನಗೆ ಇದು ಇಷ್ಟವಾಯಿತು. ಆದರೆ ಜನರ ಜೊತೆ ಪೊಲೀಸರು ಬೆರೆಯುವ ಇಂಥ ಯೋಜನೆಗಳನ್ನು ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡಾ ಎಂಬ ಆರು ದೇಶಗಳಲ್ಲಿ ಒಟ್ಟಿಗೆ ಪರೀಕ್ಷಿಸಿದ ವರದಿ 2021ರಲ್ಲಿ ಬಂತು. ಅಪರಾಧ ಇಳಿಯಲಿಲ್ಲ, ಪೊಲೀಸರ ಮೇಲಿನ ನಂಬಿಕೆಯೂ ಏರಲಿಲ್ಲ. ಕಾರಣ ಓದಿದರೆ ನಮ್ಮದೇ ತಾಲ್ಲೂಕಿನದು ಅನ್ನಿಸುತ್ತದೆ: ಬಂದ ಅಧಿಕಾರಿ ಬೇಗ ವರ್ಗವಾಗುತ್ತಿದ್ದರು, ಜನ ಹೇಳಿದ್ದನ್ನು ಮುಂದೆ ಯಾರೂ ಹಿಡಿದು ಮಾಡುತ್ತಿರಲಿಲ್ಲ. ಮನೆಬಾಗಿಲಿಗೆ ಬಂದ ಪೊಲೀಸರಿಗೆ ನಾವು ದೀಪದ ಕಂಬ ತೋರಿಸುತ್ತೇವೆ ಎಂದುಕೊಳ್ಳಿ. ಮುಂದಿನ ಭೇಟಿಯ ಹೊತ್ತಿಗೆ ಅದು ಉರಿಯದಿದ್ದರೆ ಆಮೇಲೆ ಚಹಾ ಕೊಟ್ಟು ಕಳಿಸುತ್ತೇವೆ, ಏನೂ ಹೇಳುವುದಿಲ್ಲ. ದೀಪಕ್ಕೆ ಬೆಲೆ ಇದೆ ಎಂಬುದಕ್ಕೂ ಪುರಾವೆ ಇದೆ. ಬ್ರಿಟನ್ ಮತ್ತು ಅಮೆರಿಕದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಬೀದಿದೀಪ ಸುಧಾರಿಸಿದ ಕಡೆ ಅಪರಾಧ ಸುಮಾರು ಶೇ 21ರಷ್ಟು ಕಡಿಮೆಯಾಗಿತ್ತು. ರಾತ್ರಿಯ ಅಪರಾಧ ಮಾತ್ರವಲ್ಲ, ಹಗಲಿನದು ಕೂಡ ಇಳಿದಿತ್ತು. ಊರನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಜನರಿಗೆ ಅನ್ನಿಸಿದ್ದೇ ಕಾರಣ ಇರಬಹುದು ಎನ್ನುತ್ತಾರೆ.

ಇನ್ನೊಂದು ಎಚ್ಚರಿಕೆ ಅಂಕಿ ಓದುವವರಿಗೆ. ಮಧ್ಯಪ್ರದೇಶದ 180 ಠಾಣೆಗಳಲ್ಲಿ ಮಹಿಳಾ ಸಹಾಯ ಡೆಸ್ಕ್ ಪ್ರಯೋಗ ನಡೆದು, 2022ರಲ್ಲಿ ಫಲಿತಾಂಶ ಬಂತು. ಡೆಸ್ಕ್ ಇಟ್ಟ ಠಾಣೆಗಳಲ್ಲಿ ಮಹಿಳೆಯರ ದೂರು ದಾಖಲಾಗುವುದು ಹೆಚ್ಚಾಯಿತು, ಡೆಸ್ಕಿನಲ್ಲಿ ಮಹಿಳಾ ಅಧಿಕಾರಿ ಕೂತ ಕಡೆ ಎಫ್‌ಐಆರ್ ಇನ್ನೂ ಹೆಚ್ಚಾಯಿತು. ಅಂಕಿ ಮಾತ್ರ ನೋಡುವವರು ಅಲ್ಲಿ ಅಪರಾಧ ಏರಿತು ಎಂದು ಬರೆಯುತ್ತಾರೆ. ಏರಿದ್ದು ಧೈರ್ಯ. 2023ರಲ್ಲಿ ಸೈಬರ್ ಅಪರಾಧದಲ್ಲಿ 21,889 ಪ್ರಕರಣಗಳೊಂದಿಗೆ ಕರ್ನಾಟಕವೇ ದೇಶಕ್ಕೆ ಮೊದಲು. ನಾಚಿಕೆಯ ಸಂಗತಿ ಎಂದು ಹಲವರು ಬರೆದರು. ದೇಶದ ಮೊದಲ ಸೈಬರ್ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ, ದೂರು ಕೊಡಲು ಬಾಗಿಲಿರುವ ಕಡೆ ದೂರು ಬರುತ್ತವೆ ಎಂಬುದನ್ನೂ ಜೊತೆಗೆ ಬರೆಯಬೇಕಿತ್ತು. ನಮ್ಮ ಠಾಣೆಯಲ್ಲಿ ಹೆಣ್ಣುಮಕ್ಕಳ ದೂರು ಸೊನ್ನೆ ಇದ್ದರೆ ನಾನು ಖುಷಿ ಪಡುವುದಿಲ್ಲ, ಡೆಸ್ಕಿನಲ್ಲಿ ಯಾರು ಕೂತಿದ್ದಾರೆ ಎಂದು ಕೇಳುತ್ತೇನೆ. ಅಂದಹಾಗೆ, ಗಡಿಯ ಊರಿನವರಾದ ನಮಗೆ ಉಪಯೋಗ ಆಗುವ ಮಾತು: ಅಕ್ಕಲಕೋಟೆಯಲ್ಲೋ ಸೊಲ್ಲಾಪುರದಲ್ಲೋ ಏನಾದರೂ ಆದರೆ ನಮ್ಮ ಠಾಣೆಯಲ್ಲಿಯೇ ದೂರು ಕೊಡಬಹುದು. ನಮ್ಮ ವ್ಯಾಪ್ತಿ ಅಲ್ಲ ಎಂದು ತಿರುಗಿ ಕಳಿಸುವಂತಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹಾಗೆ ಹೇಳುತ್ತದೆ. ಇದನ್ನು ಯಾವ ಕರಪತ್ರದಲ್ಲೂ ನಾನು ಓದಿಲ್ಲ, ಯಾಕೋ.

ಪ್ರಾಂಶುಪಾಲರಿಗೂ ಉಪನ್ಯಾಸಕರಿಗೂ ನನ್ನದೊಂದು ವಿನಂತಿ. ಈ ಡಿಸೆಂಬರ್‌ನಲ್ಲಿ ಪೊಲೀಸ್ ಅಧಿಕಾರಿಗಳು ಬರುವ ಮೊದಲು ಕಾಮರ್ಸ್ ವಿಭಾಗದವರು ಒಂದು ಸಣ್ಣ ಸಮೀಕ್ಷೆ ಮಾಡುತ್ತೇವೆ, ಅನುಮತಿ ಕೊಡಿ. ಹೆಸರು ಬರೆಯುವುದು ಬೇಡ, ರೋಲ್ ನಂಬರ್ ಬೇಡ. ನಿನಗೆ ಹೆದರಿಕೆ ಆಗುವ ಜಾಗ ಯಾವುದು, ಎಷ್ಟು ಗಂಟೆಗೆ, ಅಲ್ಲಿ ನಿನಗೇ ಏನಾದರೂ ಆಗಿದೆಯೋ ಅಥವಾ ಕೇಳಿದ್ದೋ, ಆ ಹೆದರಿಕೆಯಿಂದ ನೀನು ಏನನ್ನು ಬಿಟ್ಟಿದ್ದೀಯ, ಇಷ್ಟೇ ಪ್ರಶ್ನೆ. ಕನ್ನಡ, ಉರ್ದು ಎರಡರಲ್ಲೂ ಚೀಟಿ ಇರಲಿ. ಹುಡುಗರೂ ಬರೆಯಬೇಕು, ಅವರಿಗೂ ಹೆದರಿಕೆ ಇದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಕಾಲೇಜು ಬಿಟ್ಟವರ ಚೀಟಿಯನ್ನು ಅವರ ತಂಗಿಯರ ಕೈಯಲ್ಲಿ ತರಿಸೋಣ. ಎಣಿಸುವ ಕೆಲಸ ನಮ್ಮದು, ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್ ಎಂದು ಅಂಕ ಕೊಟ್ಟರೂ ಬೇಡ ಅನ್ನುವುದಿಲ್ಲ. ಬಂದ ಉತ್ತರದ ಒಂದು ಪ್ರತಿ ವೇದಿಕೆಯ ಮೇಲೆ ಅಧಿಕಾರಿಯ ಕೈಗೆ, ಶಾಲು ಹಾರದ ಜೊತೆಗೆ. ಇನ್ನೊಂದು ಪ್ರತಿ ಗ್ರಾಮ ಪಂಚಾಯಿತಿಗೆ, ಮತ್ತೊಂದು ಬಸ್ ಡಿಪೊಕ್ಕೆ. ಫೆಬ್ರುವರಿಯಲ್ಲಿ, ಪರೀಕ್ಷೆಯ ಗಡಿಬಿಡಿ ಶುರುವಾಗುವ ಮೊದಲು, ಅದೇ ಪ್ರಶ್ನೆಗಳನ್ನು ಅದೇ ವಿದ್ಯಾರ್ಥಿಗಳಿಗೆ ಇನ್ನೊಮ್ಮೆ ಕೇಳುತ್ತೇವೆ. ಚೀಟಿ ಹಾಕಲು ಪೆಟ್ಟಿಗೆ ನಮ್ಮ ಅಂಗಡಿಯಿಂದ ನಾನೇ ತರುತ್ತೇನೆ, ಅಬ್ಬು ಒಪ್ಪಿದ್ದಾರೆ.